ಎರಡನೇ ಸ್ಟೂಲು

ಮತ್ತಿಕೆರೆ ಮೂರನೇ ಕ್ರಾಸು. ಎಂಟಡಿ ಅಂಗಡಿ,
ಒಂದು ಮಿಷನ್ನು, ನಾನು.
ಫಾಲ್, ಜಿಗ್‌ಜಾಗ್, ಕುಚ್ಚು. ಶ್ರಾವಣಕ್ಕೆ
ಅರವತ್ತೆರಡು ಸೀರೆ ಬಾಕಿ.

ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆಯುತ್ತೇನೆ:
ಸಂಬಳ, ಟೀ, ಹಬ್ಬಕ್ಕೊಂದು ಸೀರೆ,
ಆಷಾಢದಲ್ಲಿ ಸುಮ್ಮನೆ ಕೂತ ದಿನಗಳು,
ಅದಕ್ಕೂ ಸಂಬಳವೇ.
ಪೆನ್ನು ಅಲ್ಲೇ ನಿಲ್ಲುತ್ತದೆ.

ಒಬ್ಬಳೇ ಇದ್ದರೆ ತಪ್ಪಿದ ಗಂಟೂ ನನ್ನದೇ,
ಬೈಯಲು ಯಾರಿಲ್ಲ.
ಜ್ವರ ಬಂದರೆ ಶಟರಿಗೂ ಜ್ವರ.

ನಿನ್ನೆ ಮುನಿಯಲ್ಲಮ್ಮನ ಸೊಸೆ ಕೆಲಸ ಕೇಳಿ ಬಂದಳು.
ಕೂರಲು ಜಾಗವಿಲ್ಲ, ನಿಂತೇ ಇದ್ದಳು.
"ಯೋಚ್ನೆ ಮಾಡಿ ಹೇಳ್ತೀನಿ" ಅಂದೆ.
ಮಾತಾಡುತ್ತಲೇ ರೇಷ್ಮೆ ದಾರದ ಸಿಕ್ಕೊಂದನ್ನು ಬಿಡಿಸಿಟ್ಟು ಹೋದಳು,
ಬೆಳಗಿನಿಂದ ನನ್ನ ಕೈಗೆ ಬಗ್ಗದೆ ಇದ್ದದ್ದು.

ಇವತ್ತು ಯಶವಂತಪುರದ ಪ್ಲಾಸ್ಟಿಕ್ ಅಂಗಡಿಯಲ್ಲಿ
ಸ್ಟೂಲಿನ ಬೆಲೆ ಕೇಳಿದೆ.
ಕೊಳ್ಳಲಿಲ್ಲ.
ಎತ್ತರ ಮಾತ್ರ
ಗೇಣು ಹಾಕಿ ಅಳೆದುಕೊಂಡು ಬಂದೆ.