ಮೂಗುಬೊಟ್ಟು ಯಾವ ಕಡೆ

ಹೆಸರು? ಅಂದರು.
ಸೆರಾಫಿನ್ ಲೋಬೊ, ಅಂದೆ.
ಟೈಪು ಮಾಡುವ ಹುಡುಗಿ ತಲೆಯೆತ್ತಿ ನನ್ನನ್ನೂ
ಮೇಜಿನ ಮೇಲಿನ ಎರಡು ಸೀಸೆಗಳನ್ನೂ ನೋಡಿದಳು.
ಸೀಸೆಯ ಮೇಲೆ ನಾನು ಗಂಗಜ್ಜಿ.

ಒಂದು, ‘ಗಂಗಜ್ಜಿ ನೋವಿನೆಣ್ಣೆ’, ದಾಮೋದರ ಶೇಟರದ್ದು.
ಇನ್ನೊಂದು, ‘ಗಂಗಮ್ಮಜ್ಜಿ ನೋವಿನ ತೈಲ’,
ಅವರಲ್ಲೇ ಹದಿನೆಂಟು ವರ್ಷ ಎಣ್ಣೆ ಕಾಯಿಸಿ
ಒಂದು ದೀಪಾವಳಿಗೆ ಬೋನಸ್ ಸಿಗದೆ
ಸೌಟು ಇಟ್ಟು ಎದ್ದುಹೋದ ಕರಿಬಸಪ್ಪನದ್ದು.
ಹಸಿರು ಅದೇ ಹಸಿರು, ಬಿರಡೆ ಅದೇ ಬಿರಡೆ,
ಮುಖ ಎರಡರಲ್ಲೂ ನನ್ನದೇ.
ಶೇಟರ ಅಜ್ಜಿಗೆ ಮೂಗುಬೊಟ್ಟು ಎಡಕ್ಕೆ,
ಕರಿಬಸಪ್ಪನ ಅಜ್ಜಿಗೆ ಬಲಕ್ಕೆ.
ಫಿಲ್ಮು ಮಗುಚಿ ಹಾಕಿದ್ದಾನೆ, ಅಷ್ಟೆ.

‘ಸಾಧಾರಣ ನೆನಪಿನ ಸಾಮಾನ್ಯ ಗಿರಾಕಿ
ಮೋಸ ಹೋಗುವುದಿಲ್ಲವೇ, ಸ್ವಾಮಿ?’
ಶೇಟರ ವಕೀಲರು ಕೇಳುತ್ತಿದ್ದರು.
ನನ್ನ ನೆನಪೂ ಸಾಧಾರಣದ್ದೇ.
ಆ ಒಂದು ಮಧ್ಯಾಹ್ನ ಮಾತ್ರ
ಸೆರಗಿಗೆ ಬಿದ್ದ ಎಣ್ಣೆಯ ಹಾಗೆ, ಒಗೆದಷ್ಟೂ ಹರಡಿದೆ.

ಇಪ್ಪತ್ತಾರು ನನಗೆ. ಸೀಸೆ ತೊಳೆಯುವ ತೊಟ್ಟಿಯಿಂದ ಎಬ್ಬಿಸಿ
ಗಾಂಧಿ ಬಜಾರಿನ ಸ್ಟುಡಿಯೋ ಮೆಟ್ಟಿಲು ಹತ್ತಿಸಿದರು.
ಕೂದಲಿಗೆ ಮೈದಾ ಹಿಟ್ಟು,
ಕೆನ್ನೆಗೆ ಕಾಡಿಗೆಯ ಮೂರು ಗೆರೆ,
ಫೋಟೋದವನ ತಾಯಿಯ ಸೀರೆ,
ಹಣೆಗೆ ನಾಲ್ಕಾಣೆಯಗಲ ಕುಂಕುಮ.
(ಅಮ್ಮನಿಗೆ ಹೇಳಲಿಲ್ಲ.
ಶನಿವಾರ ಪಾಪನಿವೇದನೆಯಲ್ಲಿ ಗುರುಗಳಿಗೂ.)
ಚುಚ್ಚದ ಮೂಗಿಗೆ ಗೋಂದು ಸವರಿ ಬೊಟ್ಟು ಅಂಟಿಸಿ
‘ಸೀನಬೇಡ, ಬಿದ್ದೀತು’ ಅಂದ.
‘ನೋವು ಹೋದವಳ ಹಾಗೆ ನಗು’ ಅಂದ.
ಆಗಿನ್ನೂ ನೋವೇ ಇರಲಿಲ್ಲ ನನಗೆ.
ಇಲ್ಲದ್ದು ಹೋದಂತೆ ಹೇಗೆ ನಗುವುದು?
ಸುಮ್ಮನೆ ಹಲ್ಲು ಕಾಣಿಸಿದೆ.
ಹದಿನೈದು ರೂಪಾಯಿ. ಒಂದು ಗೋಲಿ ಸೋಡಾ.

ಆಮೇಲೆ ಆಯನೂರಿನಿಂದ ಹೊಸನಗರದ ತನಕ
ಸಿಕ್ಕಸಿಕ್ಕ ಗೋಡೆಯ ಮೇಲೆಲ್ಲ ಬರೆಸಿದರು:
ಎಂಬತ್ತನಾಲ್ಕರ ಗಂಗಜ್ಜಿ
ಬರಿಗಾಲಲ್ಲಿ ಕೊಡಚಾದ್ರಿ ಹತ್ತಿದಳು!
ಕೊಡಚಾದ್ರಿಯನ್ನು ನಾನು ನೋಡಿದ್ದು ಒಮ್ಮೆ,
ಬಸ್ಸಿನಿಂದ, ಅದೂ ಅರ್ಧ ಮೋಡದಲ್ಲಿ.

‘ಬೊಟ್ಟು ಎಡವೋ ಬಲವೋ? ಪ್ರಮಾಣ ಮಾಡಿದ್ದೀರಿ, ಯೋಚಿಸಿ ಹೇಳಿ.’
ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದೆ:
ಎರಡೂ ಕಡೆ ತೂತಿಲ್ಲ, ಸ್ವಾಮಿ.
‘ಈ ಎಣ್ಣೆ ಹಚ್ಚಿದ್ದೀರಾ?’
ಇಬ್ಬರದ್ದೂ.
‘ಗುಣ?’
ವಾಸನೆ ಚೆನ್ನಾಗಿದೆ.
ಎರಡೂ ಕಡೆಯ ವಕೀಲರು ಒಟ್ಟಿಗೆ ಎದ್ದು ಆಕ್ಷೇಪಿಸಿದರು.
ಆ ಕೇಸಿನಲ್ಲಿ ಅವರು ಒಂದಾದದ್ದು ಅದೊಂದೇ ಸಲ.

ಗುರುತು ಶೇಟರ ಸ್ವತ್ತಂತೆ, ನೋಂದಣಿ ಸಂಖ್ಯೆಯಿದೆಯಂತೆ.
ನಕಲಿಗೆ ತಡೆಯಾಜ್ಞೆ ಬೇಕಂತೆ.
ಮುಖವನ್ನೂ ನೋಂದಾಯಿಸಿಡಬೇಕಿತ್ತೆಂದು
ಸೀಸೆ ತೊಳೆಯುವವಳಿಗೆ ಯಾರು ಹೇಳಿದ್ದರು?

ಜಡ್ಜಮ್ಮ ಕನ್ನಡಕ ಏರಿಸಿ ಲೇಬಲ್ಲು ನೋಡಿದರು, ನನ್ನ ನೋಡಿದರು.
ಮತ್ತೆ ಲೇಬಲ್ಲು.
ಮೂವತ್ತೆಂಟು ವರ್ಷ. ಮೈದಾ ಈಗ ಬೇಡ.
ಮೂರೇ ಗೆರೆ ಎಳೆದಿದ್ದ ಪುಣ್ಯಾತ್ಮ, ಜಿಪುಣ!
ತೊಟ್ಟಿಯೆದುರು ಕುಕ್ಕರಗಾಲಲ್ಲಿ ಕೂತ ಮಂಡಿ
ಈಗ ಒಂದೊಂದು ಮೆಟ್ಟಿಲಿಗೂ ಒಂದೊಂದು ಹೇಳಿಕೆ ಕೊಡುತ್ತದೆ.
ಅವರು ಬರೆಸಿದ ಸುಳ್ಳನ್ನು ನನ್ನ ಮೈ
ದಿನಕ್ಕಿಷ್ಟು ದಿನಕ್ಕಿಷ್ಟು ನಿಜ ಮಾಡುತ್ತ ಬಂದಿದೆ,
ಸಂಬಳವಿಲ್ಲದೆ.
ಬಾಕಿ ಇರುವುದು ಇಪ್ಪತ್ತು ವರ್ಷ,
ಮತ್ತೆ ಕೊಡಚಾದ್ರಿ.

ಮುಂದಿನ ತಾರೀಕು ಕೊಟ್ಟರು.
ಕಂಬಿ ಹಿಡಿದು ಇಳಿದೆ.
ಆಯನೂರು ಬಸ್ಸಿನಲ್ಲಿ ಎದುರು ಸೀಟಿನ ಬೆನ್ನಿಗೆ
ಹಸಿರು ಸ್ಟಿಕರು, ಹಲ್ಲು ಕಾಣಿಸುವ ಗಂಗಜ್ಜಿ.
ಹೆಸರಿನ ಮೇಲೆ ಯಾವುದೋ ಟ್ಯೂಶನ್ನಿನ ಚೀಟಿ.
ಯಾರ ಅಜ್ಜಿ ಇವಳು ಅಂತ ಬಗ್ಗಿ ನೋಡಿದೆ.
ಮೂಗಿನ ಜಾಗವನ್ನು ಯಾವ ಮಗುವೋ
ಉಗುರಲ್ಲಿ ಪೂರ್ತಿ ಕೆರೆದಿತ್ತು.