ಮಂಡ್ಯಕ್ಕೆ ಹೋಗಿ ಬಂದದ್ದು

ಒಂಬತ್ತು ಪಂದ್ಯ, ನಾಲ್ಕು ಗೋಲು.
ಅದರಲ್ಲೊಂದು, ಹೊಡೆದದ್ದು ಎಲ್ಲಿಗೋ,
ಎದುರಾಳಿಯ ಕಾಲಿಗೆ ಬಡಿದು ತಾನಾಗಿ ಒಳಗೆ ಹೋದದ್ದು.

ಚಾಮುಂಡಿ ವಿಹಾರದ ಮೈದಾನದ ಪಕ್ಕದ ಕೋಣೆಯಲ್ಲಿ ಸಭೆ.
ಆರು ಕುರ್ಚಿ, ಎಂಟು ಜನ, ಒಂದು ಪೊಟ್ಟಣ ಖಾರಾ ಬನ್.
ಖಜಾಂಚಿ ಜವರಪ್ಪನವರು ಪುಸ್ತಕ ತೆರೆದರು:
ನೀಲಾಂಬಿಕೆಯನ್ನು ಕರೆಸುವ ಖರ್ಚಿಗೆ
ಹದಿಮೂರು ಜೊತೆ ಬೂಟು ಬರುತ್ತದೆ, ಇಲ್ಲವೇ
ಗೋಲ್‌ಕೀಪರ್‌ಗೆ ಹೊಸ ಪ್ಯಾಡು, ಮಿಕ್ಕಿದ್ದರಲ್ಲಿ ಬಾಳೆಹಣ್ಣು.
"ಗೋಲು ಬರ್ತದಲ್ಲ ಸಾರ್" ಎಂದಿತು ಒಂದು ದನಿ.
"ಮೂವತ್ತಾರು ವಯಸ್ಸು" ಎಂದಿತು ಇನ್ನೊಂದು,
ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಕು ಓದಿದ ಹಾಗೆ.

ಕೋಚ್ ಅಚ್ಚಯ್ಯ ಮಾತಾಡಲಿಲ್ಲ.
ಹೊಸದಾಗಿ ಕಟ್ಟುವವರು
ಗೋಡೆ ಏಳುವ ಮುಂಚೆ ಬಾಗಿಲು ಕೊಳ್ಳಬಾರದು ಎಂದು
ಹೋದ ವರ್ಷ ಅವರೇ ಹೇಳಿದ್ದು.
ಈ ವರ್ಷ ಮಳೆ ಒಳಗೇ ಬರುತ್ತಿದೆ.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.
"ಸುಗುಣಾ, ನೀವು ಅವಳ ಜೊತೆ ಆಡಿದವರು."

ಆಡಿದವಳು ಹೌದು. ಹನ್ನೊಂದು ವರ್ಷ.
ಅವಳು ಹೊಡೆದ ನೂರಾ ಚಿಲ್ಲರೆ ಗೋಲಿನಲ್ಲಿ
ಅರ್ಧಕ್ಕೆ ಚೆಂಡು ಬಡಿಸಿದವಳು ನಾನು.
ಮದುವೆಮನೆಯಲ್ಲಿ ಬಡಿಸಿದವರ ಹೆಸರು
ಯಾರೂ ಬರೆದಿಡುವುದಿಲ್ಲ. ಇರಲಿ,
ಅದು ಹಳೆ ನೋವು, ಚಳಿಗೆ ಮಾತ್ರ ಏಳುತ್ತದೆ.

ಹೇಳಬೇಕಾದ್ದು ಬೇರೆ.
ಆ ಹನ್ನೊಂದು ವರ್ಷ ನಾನು ಒಮ್ಮೆಯೂ
ಗೋಲನ್ನು ನೋಡಲಿಲ್ಲ. ಅವಳನ್ನು ನೋಡಿದೆ.
ಡಿ ಗೆರೆಯೊಳಗೆ ನನ್ನ ಮುಂದೆ ಯಾರೂ ಇಲ್ಲದಾಗಲೂ
ಕತ್ತು ತಾನಾಗಿ ಎಡಕ್ಕೆ ಹೊರಳಿ
ನೀಲು ಎಲ್ಲಿ, ನೀಲು ಎಲ್ಲಿ ಎಂದು ಹುಡುಕುತ್ತಿತ್ತು.
ಅವಳು ಆಟ ಬಿಟ್ಟ ವರ್ಷ
ಗೋಲು ಎಲ್ಲಿದೆ ಎಂಬುದೇ ನಮಗೆಲ್ಲ ಮರೆತುಹೋಗಿತ್ತು.

ಈಗ ಉದಯಗಿರಿಯ ಅಫ್ರೀನ್, ಹದಿನೇಳು,
ಏಳು ಸಲ ಕಂಬಕ್ಕೆ ಹೊಡೆದಿದ್ದಾಳೆ.
ಠಣ್ ಎಂದಾಗ ಎಲ್ಲರೂ ಹಣೆ ಚಚ್ಚಿಕೊಳ್ಳುತ್ತಾರೆ.
ನನಗೆ ಅದು ಬೇರೆ ಥರ ಕೇಳುತ್ತದೆ:
ಹುಡುಗಿ ನೋಡುತ್ತಿದ್ದಾಳೆ.
ಮೂರು ಬೆರಳು ಆಚೆ ನೋಡುತ್ತಿದ್ದಾಳೆ, ಅಷ್ಟೆ.

ಇದನ್ನೆಲ್ಲ ಸಭೆಯಲ್ಲಿ ಹೇಳಲಿಲ್ಲ.
"ಹೋಗಿ ಕೇಳಿಕೊಂಡು ಬರ್ತೀನಿ" ಎಂದೆ.

ಮಂಡ್ಯದ ಬಸ್ ಡಿಪೋ. ಟಿಕೆಟ್ ಮೆಷಿನ್ನುಗಳ ರಾಶಿಯ ಹಿಂದೆ
ಕನ್ನಡಕ ಹಣೆಗೇರಿಸಿಕೊಂಡು
ಯಾರೋ ಕಂಡಕ್ಟರನ ಚಿಲ್ಲರೆ ಎಣಿಸುತ್ತಿದ್ದಳು.
ಎದ್ದು ಬರುವಾಗ ಮೇಜಿನ ಅಂಚು ಹಿಡಿದಳು.
ನಾನು ನೋಡಿದ್ದನ್ನು ಅವಳು ನೋಡಿದಳು.
"ಎಡ ಮೊಣಕಾಲು ಕಣೇ ಸುಗ್ಗಿ. ಇಪ್ಪತ್ತು ನಿಮಿಷ ಓಡ್ತದೆ.
ಯಾವ ಇಪ್ಪತ್ತು ಅಂತ ನೀವೇ ಹೇಳ್ಬೇಕು."

ದುಡ್ಡಿನ ಮಾತು ಬರಲೇ ಇಲ್ಲ.
ಕ್ಯಾಂಟೀನಿನ ಕಾಫಿ ಆರುವ ತನಕ
ಸಕ್ಕರೆ ಡಬ್ಬಿ, ಎರಡು ಲೋಟ, ಒಂದು ಚಮಚ ಜೋಡಿಸಿ
ಪೆನಾಲ್ಟಿ ಕಾರ್ನರಿನಲ್ಲಿ ಯಾರು ಎಲ್ಲಿ ಎಂದು ಜಗಳವಾಡಿದೆವು.
ಚಮಚವನ್ನು ಅವಳ ಕಡೆ ತಳ್ಳಿದೆ, ಅಭ್ಯಾಸ.
ಅವಳು ಅದನ್ನು ನನ್ನ ಕಡೆಗೇ ವಾಪಸು ತಳ್ಳಿ ಕೇಳಿದಳು:
"ಕಂಬಕ್ಕೆ ಹೊಡೆಯೋ ಆ ಹುಡುಗಿ ಯಾರು?
ಗುರುವಾರ ಬಂದಿದ್ದೆ. ಮೇಲ್ಗಡೆ ಕೂತಿದ್ದೆ,
ಹೆಲ್ಮೆಟ್ಟು ತೆಗೀಲಿಲ್ಲ."

ಸಂಜೆಯ ಪ್ಯಾಸೆಂಜರು. ಶ್ರೀರಂಗಪಟ್ಟಣದ ಸೇತುವೆ ಮೇಲೆ
ಚಕ್ರದ ಸದ್ದು ಬದಲಾಗುವ ಹೊತ್ತಿಗೆ ಜವರಪ್ಪನವರ ಫೋನು:
"ಏನಂದ್ಲು? ಬರ್ತಾಳಾ?"
ಹೊಳೆ ಸದ್ದಿಗೆ ಕೇಳಿಸ್ತಿಲ್ಲ ಸಾರ್ ಎಂದೆ.
ಹೊಳೆಯಲ್ಲಿ ನೀರು ಮೊಣಕಾಲುದ್ದ, ಮಾತಿಲ್ಲದೆ ಹರಿಯುತ್ತಿತ್ತು.

ಮೊದಲ ಇಪ್ಪತ್ತಾದರೆ
ಹುಡುಗಿಯರು ಉಳಿದ ನಲವತ್ತು ನಿಮಿಷ ಅವಳನ್ನೇ ನೆನೆಯುತ್ತಾರೆ.
ಕೊನೆಯ ಇಪ್ಪತ್ತಾದರೆ
ಮುಂಚಿನ ನಲವತ್ತೂ ಅವಳಿಗೆ ಕಾಯುತ್ತಾರೆ.
ನಡುವಿನದಾದರೆ
ಎಂದುಕೊಳ್ಳುವಷ್ಟರಲ್ಲಿ ನಾಗನಹಳ್ಳಿ ಬಂತು.

ಕಿಟಕಿ ಎಡಕ್ಕಿತ್ತು.
ಕತ್ತು ಬಲಕ್ಕೆ ತಿರುಗಿಸಿ ಕೂತೆ,
ಸುಮ್ಮನೆ, ಆಗುತ್ತದೋ ನೋಡೋಣ ಎಂದು.