ನಮೂನೆ ಹದಿನಾಲ್ಕು

ಅಕ್ರಾದಿಂದ ಬಸ್ಸಿನಲ್ಲಿ ಆರು ತಾಸು
ತೊಡೆಯ ಮೇಲಿಟ್ಟುಕೊಂಡು ಜೋಪಾನವಾಗಿ ತಂದ ಫೈಲು.
ಕುಮಾಸಿಯ ಸುವಾಮೆಯಲ್ಲಿ ಇಳಿದ ಗಳಿಗೆಗೇ
ಅದರ ರಟ್ಟಿಗೆ ಗ್ರೀಸು ಮೆತ್ತಿತು.

ಇಲ್ಲಿ ನೆಲವೂ ಕಬ್ಬಿಣವೇ.
ನಟ್ಟು, ಬೋಲ್ಟು, ಬೇರಿಂಗಿನ ಗುಂಡು
ಕಾಲ್ತುಳಿತಕ್ಕೆ ಮಣ್ಣಿನಲ್ಲಿ ಹೂತು
ಮಧ್ಯಾಹ್ನದ ಬಿಸಿಲಿಗೆ ಕಣ್ಣು ಬಿಡುತ್ತವೆ.
ಯಾವುದೋ ದೇಶ ಸಾಕೆಂದು ಕೈಬಿಟ್ಟ ಕಾರುಗಳು
ಈ ತಗಡಿನ ಷೆಡ್ಡುಗಳಲ್ಲಿ ಮತ್ತೊಮ್ಮೆ ಕೆಮ್ಮಿ
ಉಸಿರಾಡತೊಡಗುತ್ತವೆ.

ನಾನು ಲಾರ್ಟೆ, ತರಬೇತಿ ಮಂಡಳಿಯ ಪರಿವೀಕ್ಷಕ.
ನಲವತ್ತೆರಡು ಕೌಶಲ, ನಲವತ್ತೆರಡು ಚೌಕ.
ಬಂದರೆ ಸರಿ ಗುರುತು, ಬಾರದಿದ್ದರೆ ಅಡ್ಡಗೆರೆ.
ನಗಬೇಡಿ.
ನನ್ನಣ್ಣ ತೆಮಾದಲ್ಲಿ ಏಳು ವರ್ಷ ವೆಲ್ಡಿಂಗ್ ಕಲಿತ,
ಅದರಲ್ಲಿ ಎರಡು ವರ್ಷ ಮೇಸ್ತ್ರಿಯ ಮಕ್ಕಳ ಬಟ್ಟೆ ಒಗೆದ,
ಕನ್ನಡಕವಿಲ್ಲದೆ ಬೆಸೆದ, ರಾತ್ರಿಯಿಡೀ ಕಣ್ಣಿಗೆ
ಒದ್ದೆ ಬಟ್ಟೆ ಕಟ್ಟಿಕೊಂಡು ನರಳಿದ.
ಮೇಸ್ತ್ರಿ ಸತ್ತ ದಿನ
ಅವನು ಕಲಿತದ್ದಕ್ಕೆ ಸಾಕ್ಷಿಯೇ ಇಲ್ಲವಾಯಿತು.
ಬಂದರಿನ ಕಂಪನಿ ಕಾಗದ ಕೇಳಿತು.
ಅವನು ಕೈ ತೋರಿಸಿದ.

ಮೇಸ್ತ್ರಿ ಅಡೋಮಾಕೊಗೆ ಅಕ್ಷರ ಬಾರದು.
ಬಾನೆಟ್ಟಿಗೆ ಕಿವಿಯಿಟ್ಟು, ಕೂಸಿನ ಎದೆ ಕೇಳುವವನಂತೆ,
'ಮೂರನೆಯದು ಸುಳ್ಳು ಹೇಳ್ತಿದೆ' ಅಂದರೆ
ಮೂರನೆಯ ಸಿಲಿಂಡರೇ ಕೆಟ್ಟಿರುತ್ತದೆ.
ಇದಕ್ಕೆ ಯಾವ ಚೌಕ? ಹುಡುಕಿದೆ.
ಹದಿನೇಳನೆಯದು ಹತ್ತಿರ ಬಂತು:
'ದೋಷ ಪತ್ತೆ, ಉಪಕರಣ ಸಹಿತ.'
ಕಿವಿ ಉಪಕರಣವೆ?

ಅವನ ಶಿಷ್ಯೆ ದುಫಿಯೆ. ನಾಲ್ಕನೇ ವರ್ಷ.
ಸೇರುವಾಗ ಅವಳ ತಾಯಿ ತಂದದ್ದು ಶುಲ್ಕದ ದುಡ್ಡು
ಮತ್ತು ಪದ್ಧತಿಯಂತೆ ಒಂದು ಬಾಟಲಿ ಷ್ನಾಪ್ಸ್.
ಈಗ ಶನಿವಾರ ಶನಿವಾರ ಪಾಲಿಟೆಕ್ನಿಕ್ಕಿಗೆ ಹೋಗುತ್ತಾಳೆ,
ನಮ್ಮದೇ ಹೊಸ ಯೋಜನೆ.
'ವಾರಕ್ಕೊಂದು ದಿನದ ಕೆಲಸ ಕದ್ದಿರಿ,' ಎಂದ ಮೇಸ್ತ್ರಿ,
ನನಗೊಂದು ಮುರಿದ ಸೀಟು ತೋರಿಸಿ, ಕೂರಲು.

ಆಗ ಬಂತು ಆ ಟ್ಯಾಕ್ಸಿ. ಹೈಬ್ರಿಡ್.
ಚಾಲಕ ಕೀಲಿ ಒತ್ತಿದ. ಸದ್ದಿಲ್ಲ.
ಮೇಸ್ತ್ರಿ ಬಾಗಿದ, ಕಿವಿಯಿಟ್ಟ.
ಇನ್ನೂ ಬಾಗಿದ.
ಅಕ್ಕಪಕ್ಕದ ಷೆಡ್ಡುಗಳಲ್ಲಿ ಸುತ್ತಿಗೆ ಬಡಿಯುತ್ತಲೇ ಇದ್ದವು,
ಈ ಷೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ.
ನಲವತ್ತು ವರ್ಷ ಎಲ್ಲ ಹೇಳಿಕೊಂಡ ಯಂತ್ರಗಳು
ಒಮ್ಮೆಗೇ ಮುನಿಸಿಕೊಂಡ ಹಾಗೆ.

ದುಫಿಯೆ ಸ್ಕ್ಯಾನರ್ ಚುಚ್ಚಿದಳು, ಅಂಕಿ ಓದಿದಳು,
ಹಿಂದಿನ ಸೀಟು ಕಿತ್ತಳು.
ಬ್ಯಾಟರಿಗೆ ಗಾಳಿ ಊದುವ ಪುಟ್ಟ ಫ್ಯಾನು,
ರೆಕ್ಕೆ ರೆಕ್ಕೆಗೂ ಹರ್ಮಟಾನ್ ಗಾಳಿಯ ಧೂಳು,
ಹಿಟ್ಟಿನಂತೆ. ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ
ಉಜ್ಜುತ್ತ ಕೂತಳು, ಯಾರ ಮುಖವನ್ನೂ ನೋಡದೆ.

ಸಂಜೆ ಮೇಸ್ತ್ರಿ ತನ್ನ ಕಬ್ಬಿಣದ ಕಪಾಟು ತೆರೆದ.
ಸವೆದ ಪಿಸ್ಟನ್ನುಗಳ ಹಿಂದಿನಿಂದ
ಒಂದು ಬಾಟಲಿ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ
ಅವಳ ಮುಂದಿಟ್ಟ.
ಅದೇ. ಬಿರಡೆ ಬಿಚ್ಚಿರಲಿಲ್ಲ.
'ಶುಲ್ಕ ಎಷ್ಟು ಅಂತ ನಿನ್ನಮ್ಮನ್ನ ಕೇಳ್ಕೊಂಡು ಬಾ,' ಎಂದ.
'ಬಟ್ಟೆ ಮಾತ್ರ ಒಗೆಯಲ್ಲ, ಈಗ್ಲೇ ಹೇಳಿದೀನಿ.'

ದುಫಿಯೆ ನಕ್ಕಳೋ ಅತ್ತಳೋ
ಮುಖದ ಮೇಲೆ ಅಷ್ಟು ಧೂಳಿತ್ತು, ತಿಳಿಯಲಿಲ್ಲ.

ನಮೂನೆಯಲ್ಲಿ ಮೇಲೆ 'ಕಲಿಸುವವರು', ಕೆಳಗೆ 'ಕಲಿಯುವವರು'.
ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಕೊನೆಗೆ ಎರಡೂ ಕಡೆ ಎರಡೂ ಹೆಸರು ಬರೆದೆ.
ಮೇಸ್ತ್ರಿ ಹೆಬ್ಬೆಟ್ಟು ಒತ್ತಿದ,
ಶಾಯಿಯ ಡಬ್ಬಿ ಬೇಕಾಗಲಿಲ್ಲ.

ತಿಂಗಳಾದ ಮೇಲೆ ಅಕ್ರಾದ ಕಚೇರಿಯಿಂದ
ಫೈಲು ನನ್ನ ಮೇಜಿಗೆ ವಾಪಸು ಬಂತು, ಮೇಲೊಂದು ಚೀಟಿ:
'ಗುರುತು ಅಸ್ಪಷ್ಟ. ಎಣ್ಣೆಯ ಕಲೆ ಇದೆ.
ಸ್ವಚ್ಛ ಪ್ರತಿ ಸಲ್ಲಿಸುವುದು.'

ಸಲ್ಲಿಸಿಲ್ಲ ಇನ್ನೂ.